ಎರಡೇ ಟ್ರಾನ್ಸಿಸ್ಟರಿನ ಫಜ್ ಪೆಡಲ್: ಮನೆಯಲ್ಲೇ ಕಟ್ಟಲು ಸಮಗ್ರ ಮಾರ್ಗದರ್ಶಿ

1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಮಾರುಕಟ್ಟೆಗೆ ತಂದ ‘ಫಜ್ ಫೇಸ್’ ಎಂಬ ಗಿಟಾರ್ ಪೆಡಲ್ (ಗಿಟಾರಿನ ಸ್ವರವನ್ನು ಬೇಕೆಂದೇ ಒರಟಾಗಿಸುವ, ಕಾಲಿನಿಂದ ತುಳಿಯುವ ಪೆಟ್ಟಿಗೆ) ಮೈಕ್ ಸ್ಟ್ಯಾಂಡಿನ ತಳದಂತೆ ದುಂಡಗೆ, ಭಾರವಾಗಿ ಇತ್ತು. ಅದರ ಒಳಗೆ ಇದ್ದದ್ದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್ ಮತ್ತು ಎರಡು ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಮಾತ್ರ. ಜಿಮಿ ಹೆಂಡ್ರಿಕ್ಸ್ ಅದನ್ನು ಬಳಸಿದ ಮೇಲೆ ಆ ಸರ್ಕ್ಯೂಟಿನ ಸುತ್ತ, ಅದರಲ್ಲೂ ಅದರ ಟ್ರಾನ್ಸಿಸ್ಟರುಗಳ ಸುತ್ತ, ದಂತಕಥೆಗಳು ಬೆಳೆದವು. ಮೊದಲ ಪೆಡಲುಗಳಲ್ಲಿದ್ದ ಎನ್‌ಕೆಟಿ275 ಎಂಬ ಜರ್ಮೇನಿಯಂ ಟ್ರಾನ್ಸಿಸ್ಟರಿಗೆ ಇಂದಿಗೂ ಜನ ದುಬಾರಿ ಬೆಲೆ ಕೊಡುತ್ತಾರೆ. ಟ್ರಾನ್ಸಿಸ್ಟರಿನ ಮೈಮೇಲೆ ಬರೆದ ಸಂಖ್ಯೆಯಲ್ಲಿ ಇದೆ ಎಂದು ಜನ ನಂಬುವ ನಾದದ ಬಹುಪಾಲು ನಿಜವಾಗಿ ಇರುವುದು ಅದರ ಗೇನ್ (ಎಷ್ಟು ಪಟ್ಟು ವರ್ಧಿಸುತ್ತದೆ), ಸೋರಿಕೆ (ಬೇಡದಿದ್ದರೂ ಹರಿಯುವ ಕರೆಂಟ್) ಮತ್ತು ಬಯಾಸ್ (ಸಿಗ್ನಲ್ ಇಲ್ಲದಾಗ ಅದು ನಿಲ್ಲುವ ವೋಲ್ಟೇಜ್) ಎಂಬ ಮೂರು ಅಳತೆಗಳಲ್ಲಿ ಎಂಬುದು ನನ್ನ ಅಭಿಪ್ರಾಯ. ಈ ಮೂರನ್ನೂ ಸಾಧಾರಣ ಮಲ್ಟಿಮೀಟರಿನಿಂದ ಅಳೆಯಬಹುದು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಬೆಸುಗೆಗಿಂತ ಅಳತೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಫಜ್ ಎಂಬ ಧ್ವನಿ ಹುಟ್ಟಿದ್ದೇ ಒಂದು ಕೆಟ್ಟ ಉಪಕರಣದಿಂದ. 1960ರ ದಶಕದ ಆರಂಭದಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಒಂದು ಸ್ಟುಡಿಯೋದಲ್ಲಿ ಮಾರ್ಟಿ ರಾಬಿನ್ಸ್ ಅವರ ಹಾಡಿನ ಧ್ವನಿಮುದ್ರಣ ನಡೆಯುತ್ತಿದ್ದಾಗ, ಗ್ರೇಡಿ ಮಾರ್ಟಿನ್ ನುಡಿಸಿದ ಬಾಸ್ ಗಿಟಾರಿನ ಸ್ವರಗಳು ಮಿಕ್ಸಿಂಗ್ ಕನ್ಸೋಲಿನ ದೋಷದಿಂದ ಹರಿದ ಬಟ್ಟೆಯಂತೆ ಮುದ್ರಣವಾದವು. ಇಂಜಿನಿಯರ್ ಗ್ಲೆನ್ ಸ್ನಾಡಿ ಅದೇ ಪರಿಣಾಮವನ್ನು ಟ್ರಾನ್ಸಿಸ್ಟರುಗಳಿಂದ ಪಡೆಯುವ ಸರ್ಕ್ಯೂಟ್ ರೂಪಿಸಿದರು. ಅದು 1962ರಲ್ಲಿ ಮೇಸ್ಟ್ರೋ ಫಜ್‌ಟೋನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ನಾವು ಕಟ್ಟಲಿರುವುದು ಅದನ್ನಲ್ಲ, ಫಜ್ ಫೇಸ್‌ನ ಸರ್ಕ್ಯೂಟನ್ನು. ಅದೂ ಮೊದಲಿಗೆ ಸುಲಭವಾಗಿ ಸಿಗುವ ಸಿಲಿಕಾನ್ ಎನ್‌ಪಿಎನ್ ಟ್ರಾನ್ಸಿಸ್ಟರುಗಳಿಂದ.

ಸರ್ಕ್ಯೂಟ್ ಓದಿಕೊಳ್ಳುವುದು

ಮೊದಲ ಟ್ರಾನ್ಸಿಸ್ಟರನ್ನು ಕ್ಯೂ1, ಎರಡನೆಯದನ್ನು ಕ್ಯೂ2 ಎಂದು ಕರೆಯೋಣ. ಟ್ರಾನ್ಸಿಸ್ಟರಿನ ಮೂರು ಕಾಲುಗಳ ಹೆಸರು ಬೇಸ್, ಕಲೆಕ್ಟರ್, ಎಮಿಟರ್. ಗಿಟಾರಿನ ಸಿಗ್ನಲ್ 2.2 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಕ್ಯೂ1ರ ಬೇಸ್‌ಗೆ ಬರುತ್ತದೆ. ಕ್ಯೂ1ರ ಎಮಿಟರ್ ನೇರವಾಗಿ ಗ್ರೌಂಡಿಗೆ ಸೇರುತ್ತದೆ. ಅದರ ಕಲೆಕ್ಟರ್ 33 ಕಿಲೋಓಮ್ ರೆಸಿಸ್ಟರ್ ಮೂಲಕ 9 ವೋಲ್ಟಿಗೂ, ಇನ್ನೊಂದು ಕಡೆ ನಡುವೆ ಏನೂ ಇಲ್ಲದೆ ಕ್ಯೂ2ರ ಬೇಸ್‌ಗೂ ಸೇರುತ್ತದೆ. ಕ್ಯೂ2ರ ಕಲೆಕ್ಟರಿನಿಂದ 8.2 ಕಿಲೋಓಮ್, ಅದರ ಮೇಲೆ 470 ಓಮ್, ಅದರ ಮೇಲೆ 9 ವೋಲ್ಟ್. ಈ ಎರಡು ರೆಸಿಸ್ಟರುಗಳು ಕೂಡುವ ಬಿಂದುವಿನಿಂದ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಸಿಗ್ನಲ್ 500 ಕಿಲೋಓಮ್ ವಾಲ್ಯೂಮ್ ಪಾಟಿಗೆ ಹೋಗುತ್ತದೆ. ಕ್ಯೂ2ರ ಎಮಿಟರಿಗೂ ಗ್ರೌಂಡಿಗೂ ನಡುವೆ 1 ಕಿಲೋಓಮ್ ಫಜ್ ಪಾಟ್ ಇರುತ್ತದೆ. ಆ ಪಾಟಿನ ನಡುಕಾಲಿನಿಂದ 22 ಮೈಕ್ರೋಫ್ಯಾರಡ್ ಕೆಪಾಸಿಟರ್ ಗ್ರೌಂಡಿಗೆ ಇಳಿಯುತ್ತದೆ. ಕೊನೆಯದಾಗಿ, ಕ್ಯೂ2ರ ಎಮಿಟರಿನಿಂದ ಕ್ಯೂ1ರ ಬೇಸ್‌ಗೆ 100 ಕಿಲೋಓಮ್ ರೆಸಿಸ್ಟರ್ ಹಿಂದಕ್ಕೆ ಬರುತ್ತದೆ.

ಈ 100 ಕಿಲೋಓಮ್ ರೆಸಿಸ್ಟರೇ ಇಡೀ ಸರ್ಕ್ಯೂಟಿನ ಜಾಣತನ. ಕ್ಯೂ1ಕ್ಕೆ ಬೇಕಾದ ಬೇಸ್ ಕರೆಂಟ್ ಬ್ಯಾಟರಿಯಿಂದ ನೇರವಾಗಿ ಬರದೆ ಕ್ಯೂ2ರ ಎಮಿಟರಿನಿಂದ ಬರುತ್ತದೆ. ಯಾವುದೋ ಕಾರಣಕ್ಕೆ ಕ್ಯೂ2ರ ಎಮಿಟರ್ ವೋಲ್ಟೇಜ್ ಏರಿತು ಎಂದುಕೊಳ್ಳಿ. ಆಗ ಕ್ಯೂ1ಕ್ಕೆ ಹೆಚ್ಚು ಬೇಸ್ ಕರೆಂಟ್ ಸಿಗುತ್ತದೆ, ಅದರ ಕಲೆಕ್ಟರ್ ವೋಲ್ಟೇಜ್ ಇಳಿಯುತ್ತದೆ, ಕಲೆಕ್ಟರಿಗೆ ಅಂಟಿಕೊಂಡಿರುವ ಕ್ಯೂ2ರ ಬೇಸ್ ಕೂಡ ಇಳಿಯುತ್ತದೆ, ಅದರೊಂದಿಗೆ ಎಮಿಟರ್ ತನ್ನ ಹಳೆಯ ಜಾಗಕ್ಕೆ ಮರಳುತ್ತದೆ. ಹೀಗೆ ಎರಡು ಟ್ರಾನ್ಸಿಸ್ಟರುಗಳೂ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ.

ಅಂಕಿಗಳಲ್ಲಿ ಟ್ರಾನ್ಸಿಸ್ಟರ್

ಟ್ರಾನ್ಸಿಸ್ಟರಿನ ಬೇಸ್‌ಗೆ ಹರಿಯುವ ಸಣ್ಣ ಕರೆಂಟ್ ಅದರ ಹಲವು ಪಟ್ಟು ದೊಡ್ಡ ಕರೆಂಟನ್ನು ಕಲೆಕ್ಟರಿನಲ್ಲಿ ಹರಿಯಗೊಡುತ್ತದೆ. ಎಷ್ಟು ಪಟ್ಟು ಎಂಬುದೇ ಗೇನ್. ಬೇಸ್ ಮತ್ತು ಎಮಿಟರ್ ನಡುವೆ ಸಿಲಿಕಾನ್ ಆದರೆ 0.6 ವೋಲ್ಟ್ ಆಸುಪಾಸು, ಜರ್ಮೇನಿಯಂ ಆದರೆ 0.2 ವೋಲ್ಟ್ ಆಸುಪಾಸು ಇದ್ದಾಗ ಮಾತ್ರ ಅದು ಸರಿಯಾಗಿ ತೆರೆದುಕೊಳ್ಳುತ್ತದೆ. ಇಷ್ಟು ತಿಳಿದರೆ ಈ ಪೆಡಲಿನ ವೋಲ್ಟೇಜುಗಳನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು.

ಕ್ಯೂ1ರ ಗೇನ್ 200 ಇರುವ ಸಿಲಿಕಾನ್ ಟ್ರಾನ್ಸಿಸ್ಟರ್ ಎಂದುಕೊಳ್ಳೋಣ. ಅದರ ಕಲೆಕ್ಟರ್ 1.3 ವೋಲ್ಟ್ ಸುತ್ತಮುತ್ತ ನಿಲ್ಲುವುದರಿಂದ 33 ಕಿಲೋಓಮ್ ರೆಸಿಸ್ಟರಿನ ಮೇಲೆ 7.7 ವೋಲ್ಟ್ ಉಳಿಯುತ್ತದೆ, ಅಂದರೆ ಸುಮಾರು 0.23 ಮಿಲಿಆಂಪಿಯರ್. ಅದನ್ನು 200ರಿಂದ ಭಾಗಿಸಿದರೆ ಬೇಸ್ ಕರೆಂಟ್ 1.2 ಮೈಕ್ರೋಆಂಪಿಯರ್. ಅದು 100 ಕಿಲೋಓಮ್ ಮೂಲಕ ಹರಿಯುವಾಗ 0.12 ವೋಲ್ಟ್ ಬೀಳುತ್ತದೆ. ಬೇಸ್‌ನ 0.6ಕ್ಕೆ ಇದನ್ನು ಕೂಡಿಸಿದರೆ ಕ್ಯೂ2ರ ಎಮಿಟರ್ ವೋಲ್ಟೇಜ್ 0.72. ಕೆಳಗಿರುವುದು 1 ಕಿಲೋಓಮ್ ಆದ್ದರಿಂದ ಕರೆಂಟ್ 0.72 ಮಿಲಿಆಂಪಿಯರ್. ಇದೇ ಕರೆಂಟ್ ಮೇಲಿನ 8.2 ಕಿಲೋಓಮ್ ಮತ್ತು 470 ಓಮ್‌ಗಳಲ್ಲಿ ಹರಿದು 6.2 ವೋಲ್ಟ್ ಬೀಳಿಸುತ್ತದೆ; ಕ್ಯೂ2ರ ಕಲೆಕ್ಟರಿಗೆ ಉಳಿಯುವುದು 2.8 ವೋಲ್ಟ್ ಮಾತ್ರ. ನಮಗೆ ಬೇಕಾದದ್ದು ಬ್ಯಾಟರಿಯ ಅರ್ಧ, ಅಂದರೆ 4.5.

ಇದೇ ಲೆಕ್ಕವನ್ನು ಗೇನ್ 80 ಇರುವ ಜರ್ಮೇನಿಯಂ ಟ್ರಾನ್ಸಿಸ್ಟರಿಗೆ ಮಾಡಿ ನೋಡಿ. ಬೇಸ್ ಕರೆಂಟ್ ಸುಮಾರು 3.1 ಮೈಕ್ರೋಆಂಪಿಯರ್, ಎಮಿಟರ್ ವೋಲ್ಟೇಜ್ 0.5ಕ್ಕಿಂತ ಒಂದು ಕೂದಲು ಹೆಚ್ಚು, ಮೇಲಿನ ರೆಸಿಸ್ಟರುಗಳಲ್ಲಿ ಬೀಳುವುದು 4.4, ಕಲೆಕ್ಟರಿನಲ್ಲಿ ಉಳಿಯುವುದು 4.6 ವೋಲ್ಟ್. 8.2 ಕಿಲೋಓಮ್ ಎಂಬ ಬೆಲೆ ಎಲ್ಲಿಂದ ಬಂತು ಎಂಬುದು ಇಲ್ಲಿ ಗೊತ್ತಾಗುತ್ತದೆ: ಅದು ಜರ್ಮೇನಿಯಮ್ಮಿಗೆ ಹೊಂದುವ ಬೆಲೆ. ಹಳೆಯ ನಕ್ಷೆಯನ್ನು ಹಾಗೆಯೇ ಇಟ್ಟುಕೊಂಡು ಸಿಲಿಕಾನ್ ಹಾಕಿದವರು ‘ಸಿಲಿಕಾನ್ ಫಜ್ ಕರ್ಕಶ’ ಎಂದು ದೂರುವುದರ ಹಿಂದೆ ಎಷ್ಟೋ ಸಲ ಇರುವುದು ಈ ತಪ್ಪಿದ ಬಯಾಸ್, ಸಿಲಿಕಾನಿನ ಸ್ವಭಾವವಲ್ಲ. ನಾವು 8.2 ಕಿಲೋಓಮ್ ಬದಲಿಗೆ 10 ಕಿಲೋಓಮ್ ಟ್ರಿಮ್ಮರ್ (ಸ್ಕ್ರೂಡ್ರೈವರಿನಿಂದ ತಿರುಗಿಸಿ ಹೊಂದಿಸುವ ಸಣ್ಣ ಪಾಟ್) ಹಾಕುತ್ತೇವೆ.

ಬಿಡಿಭಾಗಗಳು

ಮೇಲೆ ಹೇಳಿದ ಬೆಲೆಗಳ ಕಾಲು ವ್ಯಾಟ್ ರೆಸಿಸ್ಟರುಗಳು, 10 ಕಿಲೋಓಮ್ ಟ್ರಿಮ್ಮರ್, 1 ಕಿಲೋಓಮ್ ಲೀನಿಯರ್ ಪಾಟ್, 500 ಕಿಲೋಓಮ್ ಲಾಗ್ ಪಾಟ್, ಒಂಬತ್ತು ಕಾಲಿನ 3ಪಿಡಿಟಿ ಫುಟ್‌ಸ್ವಿಚ್, ಒಂದು ಸ್ಟೀರಿಯೋ ಮತ್ತು ಒಂದು ಮೋನೋ ಕಾಲಿಂಚಿನ ಜ್ಯಾಕ್, 9 ವೋಲ್ಟ್ ಬ್ಯಾಟರಿ ಕ್ಲಿಪ್, ಎಲ್‌ಇಡಿ, 4.7 ಕಿಲೋಓಮ್ ಮತ್ತು 1 ಮೆಗಾಓಮ್ ರೆಸಿಸ್ಟರ್ ಒಂದೊಂದು ಬೇಕು. ಇನ್‌ಪುಟ್ ಮತ್ತು 22 ಮೈಕ್ರೋಫ್ಯಾರಡ್ ಕೆಪಾಸಿಟರುಗಳು ಎಲೆಕ್ಟ್ರೋಲೈಟಿಕ್ ಆಗಿರಲಿ, 0.01 ಫಿಲ್ಮ್ ಆಗಿರಲಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇವೆಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ಫುಟ್‌ಸ್ವಿಚ್ ಮತ್ತು ಅಲ್ಯೂಮಿನಿಯಂ ಪೆಟ್ಟಿಗೆಗಾಗಿ ಮಾತ್ರ ಕೆಲವು ಅಂಗಡಿ ಹತ್ತಿ ಇಳಿಯಬೇಕಾದೀತು, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಬೇಕಾದೀತು.

ಟ್ರಾನ್ಸಿಸ್ಟರುಗಳ ವಿಷಯಕ್ಕೆ ಬಂದರೆ, ಫಜ್ ಫೇಸ್‌ನ ನಂತರದ ಆವೃತ್ತಿಗಳಲ್ಲಿ ಬಿಸಿ108, ಬಿಸಿ183 ಮುಂತಾದ ಸಿಲಿಕಾನ್ ಟ್ರಾನ್ಸಿಸ್ಟರುಗಳಿದ್ದವು. ಲೋಹದ ಟೊಪ್ಪಿಗೆಯ ಬಿಸಿ108 ಸಿಕ್ಕರೆ ಸಂತೋಷ. ಸಿಗದಿದ್ದರೆ ಎಲ್ಲೆಡೆ ಸಿಗುವ ಬಿಸಿ547 ಧಾರಾಳವಾಗಿ ಸಾಕು. ಅದರ ಹೆಸರಿನ ಕೊನೆಯ ಅಕ್ಷರದ ಮೇಲೆ ಗಮನವಿರಲಿ: ಎ ಎಂದರೆ ಗೇನ್ 110ರಿಂದ 220, ಬಿ ಎಂದರೆ 200ರಿಂದ 450, ಸಿ ಎಂದರೆ 420ರಿಂದ 800. ಸಿ ದರ್ಜೆಯದು ಹೆಚ್ಚು ಗದ್ದಲ ಮಾಡುತ್ತದೆ, ರೇಡಿಯೋ ಕೂಡ ಹಿಡಿಯುತ್ತದೆ. ನನ್ನ ಆಯ್ಕೆ ಕ್ಯೂ1ಕ್ಕೆ ಎ, ಕ್ಯೂ2ಕ್ಕೆ ಬಿ. ಒಂದೊಂದರಲ್ಲೂ ಹತ್ತು ಕೊಂಡರೂ ಚಹಾ ತಿಂಡಿಯ ಖರ್ಚಿಗಿಂತ ಹೆಚ್ಚಾಗುವುದಿಲ್ಲ.

ಕಾಲುಗಳನ್ನು ಗುರುತಿಸುವುದು

ಬಿಸಿ547ನ ಚಪ್ಪಟೆ ಮುಖ ನಿಮ್ಮತ್ತ ಇದ್ದು ಕಾಲುಗಳು ಕೆಳಗಿದ್ದರೆ, ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904 ಎಂಬ ಇನ್ನೊಂದು ಸಿಲಿಕಾನ್ ಟ್ರಾನ್ಸಿಸ್ಟರಿನಲ್ಲಿ ಇದು ತಿರುಗುಮುರುಗು: ಎಮಿಟರ್, ಬೇಸ್, ಕಲೆಕ್ಟರ್. ಬಿಸಿ108ರ ಟೊಪ್ಪಿಗೆಯ ಅಂಚಿನಲ್ಲಿ ಹೊರಗೆ ಚಾಚಿದ ಸಣ್ಣ ನಾಲಿಗೆಯ ಪಕ್ಕದ ಕಾಲು ಎಮಿಟರ್. ಅನುಮಾನವಿದ್ದರೆ ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ. ಎನ್‌ಪಿಎನ್ ಟ್ರಾನ್ಸಿಸ್ಟರಿನ ಬೇಸ್‌ಗೆ ಕೆಂಪು ತಂತಿ ಇಟ್ಟಾಗ ಮಾತ್ರ ಉಳಿದೆರಡು ಕಾಲುಗಳಲ್ಲೂ 0.6ರಿಂದ 0.7ರ ಒಳಗಿನ ಅಂಕಿ ಕಾಣಿಸುತ್ತದೆ. ಆ ಎರಡರಲ್ಲಿ ಕೊಂಚ ಹೆಚ್ಚು ತೋರಿಸುವುದು ಎಮಿಟರ್. ಅಂಕಿ 0.2 ಅಥವಾ 0.3 ಎಂದು ಬಂದರೆ ನಿಮ್ಮ ಕೈಯಲ್ಲಿರುವುದು ಜರ್ಮೇನಿಯಂ.

ಬ್ರೆಡ್‌ಬೋರ್ಡ್ ಮೇಲೆ ಜೋಡಣೆ

ನೇರವಾಗಿ ಬೆಸುಗೆಗೆ ಕೈಹಾಕಬೇಡಿ. ಮೊದಲು ಬ್ರೆಡ್‌ಬೋರ್ಡಿನ (ಬೆಸುಗೆ ಇಲ್ಲದೆ ಚುಚ್ಚಿ ಜೋಡಿಸುವ ಹಲಗೆ) ಎರಡು ಉದ್ದ ಸಾಲುಗಳನ್ನು 9 ವೋಲ್ಟಿಗೂ ಗ್ರೌಂಡಿಗೂ ಮೀಸಲಿಟ್ಟು, ಎರಡು ಟ್ರಾನ್ಸಿಸ್ಟರುಗಳನ್ನು ಸಾಕಷ್ಟು ಅಂತರದಲ್ಲಿ ಚುಚ್ಚಿ. ನಂತರ ಕ್ಯೂ1ರ ಎಮಿಟರಿಗೆ ಗ್ರೌಂಡ್, ಕಲೆಕ್ಟರಿಗೆ 33 ಕಿಲೋಓಮ್, ಕಲೆಕ್ಟರಿನಿಂದ ಕ್ಯೂ2ರ ಬೇಸ್‌ಗೆ ಒಂದು ತಂತಿ, ಕ್ಯೂ2ರ ಕಲೆಕ್ಟರಿನಿಂದ ಟ್ರಿಮ್ಮರ್, ಅದರಿಂದ 470 ಓಮ್, ಹೀಗೆ ಮೇಲಿನ ವಿವರಣೆಯ ಕ್ರಮದಲ್ಲೇ ಸಾಗಿ. ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳಿಗೆ ದಿಕ್ಕಿದೆ: 2.2ರ ಧನ ಕಾಲು ಕ್ಯೂ1ರ ಬೇಸ್ ಕಡೆಗೆ, 22ರ ಧನ ಕಾಲು ಫಜ್ ಪಾಟಿನ ನಡುಕಾಲಿನ ಕಡೆಗೆ.

ಪಾಟಿನ ಕಡ್ಡಿ ನಿಮ್ಮತ್ತ ಇದ್ದು ಕಾಲುಗಳು ಕೆಳಗಿರುವಾಗ ಎಡದಿಂದ 1, 2, 3 ಎಂದು ಎಣಿಸಿ. ಫಜ್ ಪಾಟಿನಲ್ಲಿ 1 ಗ್ರೌಂಡಿಗೆ, 2 ಕೆಪಾಸಿಟರಿಗೆ, 3 ಕ್ಯೂ2ರ ಎಮಿಟರಿಗೆ. ವಾಲ್ಯೂಮಿನಲ್ಲಿ 1 ಗ್ರೌಂಡಿಗೆ, 2 ಔಟ್‌ಪುಟ್ಟಿಗೆ, 3 ಔಟ್‌ಪುಟ್ ಕೆಪಾಸಿಟರಿಗೆ. ಫಜ್ ಪಾಟನ್ನು ಪೂರ್ತಿ ತಿರುಗಿಸಿದಾಗ 22 ಮೈಕ್ರೋಫ್ಯಾರಡ್ ಕೆಪಾಸಿಟರ್ ನೇರವಾಗಿ ಎಮಿಟರಿಗೆ ತಾಗುತ್ತದೆ. ಡಿಸಿ ಕರೆಂಟಿಗೆ 1 ಕಿಲೋಓಮ್ ಹಾಗೆಯೇ ಉಳಿದರೂ ಸಿಗ್ನಲ್ಲಿಗೆ ಮಾತ್ರ ಗ್ರೌಂಡ್ ಸಿಕ್ಕಿಬಿಡುತ್ತದೆ, ಕ್ಯೂ2ರ ಗೇನ್ ಏಕಾಏಕಿ ಜಿಗಿಯುತ್ತದೆ. ಆದ್ದರಿಂದಲೇ ಈ ಪಾಟನ್ನು ತಿರುಗಿಸಿದರೂ ಬಯಾಸ್ ಕದಲುವುದಿಲ್ಲ, ಫಜ್‌ನ ಹೆಚ್ಚಿನ ಭಾಗ ಕೊನೆಯ ಕಾಲು ಸುತ್ತಿನಲ್ಲೇ ಸಿಗುತ್ತದೆ.

ಬಯಾಸ್ ಹೊಂದಿಸುವುದು

ಬ್ಯಾಟರಿ ಜೋಡಿಸಿ, ಮಲ್ಟಿಮೀಟರಿನ ಕಪ್ಪು ತಂತಿಯನ್ನು ಗ್ರೌಂಡಿಗೆ ಸಿಕ್ಕಿಸಿ, ಕೆಂಪು ತಂತಿಯಿಂದ ಕ್ರಮವಾಗಿ ಅಳೆಯಿರಿ. ಕ್ಯೂ1ರ ಬೇಸ್ 0.6, ಕ್ಯೂ2ರ ಎಮಿಟರ್ 0.7 ಅಥವಾ 0.8, ಕ್ಯೂ1ರ ಕಲೆಕ್ಟರ್ 1.3ರಿಂದ 1.4. ಇವು ಸರಿಯಿದ್ದರೆ ಕೆಂಪು ತಂತಿಯನ್ನು ಕ್ಯೂ2ರ ಕಲೆಕ್ಟರಿನಲ್ಲಿಟ್ಟು, ಸಣ್ಣ ಸ್ಕ್ರೂಡ್ರೈವರಿನಿಂದ ಟ್ರಿಮ್ಮರನ್ನು ತಿರುಗಿಸುತ್ತ 4.5ಕ್ಕೆ ತನ್ನಿ. ಟ್ರಿಮ್ಮರ್ ಸುಮಾರು 5.5ರಿಂದ 6 ಕಿಲೋಓಮ್ ನಡುವೆ ಎಲ್ಲೋ ನಿಲ್ಲುವುದನ್ನು ನಿರೀಕ್ಷಿಸಬಹುದು.

ಈಗ ಗಿಟಾರ್ ಮತ್ತು ಆಂಪ್ ಸೇರಿಸಿ, ಒಂದು ಸ್ವರವನ್ನು ಮೀಟಿ ಹಾಗೆಯೇ ಬಿಟ್ಟು ಕೇಳಿ. 4.5ರಲ್ಲಿ ಸ್ವರ ದಪ್ಪವಾಗಿ ಹೊರಟು ಬಹಳ ಹೊತ್ತು ನಿಂತು ನಿಧಾನವಾಗಿ ತೆಳುವಾಗುತ್ತದೆ. ಟ್ರಿಮ್ಮರನ್ನು ಒಂದು ಬದಿಗೆ ಅತಿಯಾಗಿ ಸರಿಸುತ್ತ ಹೋದಂತೆ ಸ್ವರದ ಬಾಲ ಕತ್ತರಿಸಿದಂತಾಗುತ್ತದೆ. ಕೊನೆಯಲ್ಲಿ ಸ್ವರ ಕರಗುವುದಿಲ್ಲ, ಪರಪರ ಎಂದು ಸಿಡಿದು ಪಟ್ಟನೆ ನಿಂತುಹೋಗುತ್ತದೆ. ಕಲೆಕ್ಟರ್ ನಡುವೆ ಇದ್ದಾಗ ಅಲೆಗೆ ಮೇಲೂ ಕೆಳಗೂ ಆಡಲು ಸಮನಾದ ಜಾಗವಿರುತ್ತದೆ, ಒಂದು ಕಡೆಗೆ ವಾಲಿದಾಗ ಅಲೆಯ ಒಂದು ತುದಿ ಬಹಳ ಬೇಗ ಚಪ್ಪಟೆಯಾಗುತ್ತದೆ, ಕಾರಣ ಇಷ್ಟೇ. ಕೆಲವರಿಗೆ ಈ ಸಿಡಿಯುವ ಸದ್ದೇ ಇಷ್ಟ. 4.5 ಎಂಬುದು ಹೊರಡುವ ಜಾಗ, ಕಟ್ಟಪ್ಪಣೆಯಲ್ಲ. ಕಿವಿಗೆ 5ರಲ್ಲಿ ಚೆನ್ನಾಗಿದೆ ಎನಿಸಿದರೆ ಅಲ್ಲಿಯೇ ನಿಲ್ಲಿಸಿ.

ಇದೇ ಹಂತದಲ್ಲಿ ಟ್ರಾನ್ಸಿಸ್ಟರುಗಳನ್ನು ಬದಲಿಸಿ ಕೇಳಿ. ಪ್ರತಿ ಬಾರಿ ಕ್ಯೂ2ರ ಕಲೆಕ್ಟರನ್ನು ಮತ್ತೆ ಅದೇ ವೋಲ್ಟಿಗೆ ತಂದ ನಂತರವೇ ಹೋಲಿಸಬೇಕು, ಇಲ್ಲದಿದ್ದರೆ ನೀವು ಹೋಲಿಸುತ್ತಿರುವುದು ಟ್ರಾನ್ಸಿಸ್ಟರುಗಳನ್ನಲ್ಲ, ಬಯಾಸ್‌ಗಳನ್ನು. ಆಂಪಿನಲ್ಲಿ ಸಣ್ಣಗೆ ಆಕಾಶವಾಣಿ ಕೇಳಿಸಿದರೆ ಗಾಬರಿ ಬೇಡ. ಸಿಲಿಕಾನ್ ಟ್ರಾನ್ಸಿಸ್ಟರುಗಳು ಬಹಳ ಎತ್ತರದ ತರಂಗಗಳನ್ನೂ ವರ್ಧಿಸಬಲ್ಲವು. ಕ್ಯೂ1ರ ಬೇಸ್ ಮತ್ತು ಕಲೆಕ್ಟರ್ ನಡುವೆ 100 ಪಿಕೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿದರೆ ರೇಡಿಯೋ ಸುಮ್ಮನಾಗುತ್ತದೆ, ಧ್ವನಿಯ ಚೂಪು ಅಂಚೂ ಸ್ವಲ್ಪ ಮೆತ್ತಗಾಗುತ್ತದೆ.

ಬೆಸುಗೆ, ಸ್ವಿಚ್, ಪೆಟ್ಟಿಗೆ

ಬ್ರೆಡ್‌ಬೋರ್ಡಿನಲ್ಲಿದ್ದ ಜೋಡಣೆಯನ್ನೇ ವೆರೋಬೋರ್ಡ್ ಅಥವಾ ಚುಕ್ಕಿ ಪಿಸಿಬಿಗೆ ಇಳಿಸಿ. 25 ವ್ಯಾಟಿನ ಐರನ್ ಮತ್ತು ಫ್ಲಕ್ಸ್ ಒಳಗಿರುವ 60/40 ಸೋಲ್ಡರ್ ಸಾಕು. ಕಾಲನ್ನೂ ತಾಮ್ರವನ್ನೂ ಒಟ್ಟಿಗೆ ಕಾಯಿಸಿ ಸೋಲ್ಡರನ್ನು ಅಲ್ಲಿಗೆ ತಾಗಿಸಬೇಕು. ಐರನ್ನಿನ ತುದಿಯಿಂದ ಸೋಲ್ಡರನ್ನು ಹೊತ್ತು ತಂದು ಮೆತ್ತಿದರೆ ಕೀಲು ಮಂಕಾಗಿ, ಉಂಡೆಯಾಗಿ ಕೂರುತ್ತದೆ ಮತ್ತು ಮುಂದೊಂದು ದಿನ ಕೈಕೊಡುತ್ತದೆ. ಟ್ರಾನ್ಸಿಸ್ಟರುಗಳಿಗೆ ಸಾಕೆಟ್ ಹಾಕುವುದು ಒಳ್ಳೆಯದು.

3ಪಿಡಿಟಿ ಸ್ವಿಚ್ಚಿನಲ್ಲಿ ಮೂರು ಕಾಲುಗಳ ಮೂರು ಕಂಬಸಾಲುಗಳಿವೆ. ಪ್ರತಿ ಸಾಲಿನ ನಡುಕಾಲು ಒಮ್ಮೆ ಮೇಲಿನದಕ್ಕೆ, ಒಮ್ಮೆ ಕೆಳಗಿನದಕ್ಕೆ ಸೇರುತ್ತದೆ. ಮೊದಲ ಸಾಲಿನ ನಡುಕಾಲಿಗೆ ಇನ್‌ಪುಟ್ ಜ್ಯಾಕಿನ ತುದಿ, ಮೇಲಿನ ಕಾಲಿಗೆ ಸರ್ಕ್ಯೂಟಿನ ಇನ್‌ಪುಟ್. ಎರಡನೆಯ ಸಾಲಿನ ನಡುಕಾಲಿಗೆ ಔಟ್‌ಪುಟ್ ಜ್ಯಾಕ್, ಮೇಲಿನ ಕಾಲಿಗೆ ವಾಲ್ಯೂಮ್ ಪಾಟಿನ 2. ಈ ಎರಡು ಸಾಲುಗಳ ಕೆಳಗಿನ ಕಾಲುಗಳನ್ನು ಒಂದು ತಂತಿಯಿಂದ ಪರಸ್ಪರ ಸೇರಿಸಿದರೆ ಪೆಡಲ್ ಆಫ್ ಇದ್ದಾಗ ಗಿಟಾರ್ ಸಿಗ್ನಲ್ ಸರ್ಕ್ಯೂಟನ್ನು ಮುಟ್ಟದೆ ನೇರವಾಗಿ ಹೊರಹೋಗುತ್ತದೆ. ಮೂರನೆಯ ಸಾಲಿನ ನಡುಕಾಲು ಗ್ರೌಂಡಿಗೆ, ಮೇಲಿನದು ಎಲ್‌ಇಡಿಯ ಋಣ ಕಾಲಿಗೆ. ಎಲ್‌ಇಡಿಯ ಧನ ಕಾಲು 4.7 ಕಿಲೋಓಮ್ ಮೂಲಕ 9 ವೋಲ್ಟಿಗೆ. ಅಂದಹಾಗೆ, ಆ ಎಲ್‌ಇಡಿ ಕುಡಿಯುವುದು ಸುಮಾರು 1.5 ಮಿಲಿಆಂಪಿಯರ್, ಇಡೀ ಫಜ್ ಸರ್ಕ್ಯೂಟ್ ಕುಡಿಯುವುದು ಸುಮಾರು 1. ಸರ್ಕ್ಯೂಟಿನ ಇನ್‌ಪುಟ್ಟಿನಿಂದ ಗ್ರೌಂಡಿಗೆ 1 ಮೆಗಾಓಮ್ ಹಾಕಿದರೆ ಸ್ವಿಚ್ ತುಳಿದಾಗ ಬರುವ ‘ಟಪ್’ ಸದ್ದು ತಗ್ಗುತ್ತದೆ.

ಇನ್‌ಪುಟ್ಟಿಗೆ ಸ್ಟೀರಿಯೋ ಜ್ಯಾಕ್ ಬಳಸುವುದು ಬ್ಯಾಟರಿ ಉಳಿಸಲಿಕ್ಕೆ. ಬ್ಯಾಟರಿಯ ಋಣ ತಂತಿಯನ್ನು ಅದರ ನಡುವಿನ ಉಂಗುರದ ಕಾಲಿಗೆ ಬೆಸೆಯಿರಿ. ಗಿಟಾರಿನ ಮೋನೋ ಪ್ಲಗ್ ಒಳಹೋದಾಗ ಮಾತ್ರ ಆ ಉಂಗುರ ಗ್ರೌಂಡಿಗೆ ತಾಗಿ ಸರ್ಕ್ಯೂಟ್ ಚಾಲೂ ಆಗುತ್ತದೆ. ಪೆಟ್ಟಿಗೆ ಲೋಹದ್ದೇ ಆಗಿರಬೇಕು ಮತ್ತು ಅದು ಗ್ರೌಂಡಿಗೆ ಸೇರಿರಬೇಕು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಟ್ಟಿದ ಫಜ್ ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆಯನ್ನೂ ನುಡಿಸುತ್ತದೆ.

ಸದ್ದು ಬಾರದಿದ್ದರೆ

ಮತ್ತೆ ಮಲ್ಟಿಮೀಟರ್ ಹಿಡಿಯಿರಿ. ಕ್ಯೂ2ರ ಕಲೆಕ್ಟರಿನಲ್ಲಿ ಪೂರ್ತಿ 9 ವೋಲ್ಟ್ ಇದ್ದರೆ ಕ್ಯೂ2 ತೆರೆದುಕೊಳ್ಳುತ್ತಿಲ್ಲ: ಅದರ ಕಾಲುಗಳು ಅದಲುಬದಲಾಗಿವೆ, ಫಜ್ ಪಾಟಿನ ಗ್ರೌಂಡ್ ಬಿಟ್ಟಿದೆ, ಇಲ್ಲವೇ ಕ್ಯೂ1ರ ಕಲೆಕ್ಟರ್ ಗ್ರೌಂಡಿಗೆ ತಾಗಿದೆ. ಕ್ಯೂ2ರ ಕಲೆಕ್ಟರ್ ಮತ್ತು ಎಮಿಟರ್ ಎರಡೂ 1.3 ವೋಲ್ಟ್ ಆಸುಪಾಸು ಒಂದೇ ಅಂಕಿ ತೋರಿಸಿದರೆ ಕ್ಯೂ1 ಕೆಲಸ ಮಾಡುತ್ತಿಲ್ಲ. 100 ಕಿಲೋಓಮ್ ರೆಸಿಸ್ಟರಿನ ಕೀಲನ್ನು ಮೊದಲು ನೋಡಿ. ಎಲ್ಲ ವೋಲ್ಟೇಜುಗಳೂ ಸರಿಯಿದ್ದು ಸದ್ದಿಲ್ಲದಿದ್ದರೆ ತಪ್ಪು ಸ್ವಿಚ್ ಅಥವಾ ಜ್ಯಾಕಿನ ತಂತಿಗಳಲ್ಲಿದೆ.

ಪೆಡಲುಗಳ ಸಾಲಿನಲ್ಲಿ ಫಜ್ ಗಿಟಾರಿನ ಪಕ್ಕದಲ್ಲೇ, ಮೊದಲನೆಯದಾಗಿ ಇರಲಿ. ಇದರ ಇನ್‌ಪುಟ್ ಪ್ರತಿರೋಧ ತೀರ ಕಡಿಮೆ; ಗಿಟಾರಿನ ಪಿಕಪ್ ಸುರುಳಿಯೂ ಈ ಸರ್ಕ್ಯೂಟಿನ ಭಾಗದಂತೆಯೇ ವರ್ತಿಸುತ್ತದೆ. ಗಿಟಾರಿನ ವಾಲ್ಯೂಮನ್ನು ಸ್ವಲ್ಪ ಇಳಿಸಿದೊಡನೆ ಫಜ್ ಕರಗಿ ತಿಳಿಯಾದ ಧ್ವನಿ ಬರುವುದು ಇದರಿಂದಲೇ. ನಡುವೆ ಬಫರ್ (ಗಿಟಾರನ್ನು ಮುಂದಿನ ಸರ್ಕ್ಯೂಟಿನಿಂದ ಬೇರ್ಪಡಿಸುವ ಹಂತ) ಇರುವ ಬೇರೆ ಪೆಡಲ್ ಬಂದರೆ ಈ ಗುಣ ಕಳೆದುಹೋಗುತ್ತದೆ.

ಜರ್ಮೇನಿಯಮ್ಮಿಗೆ ಹೋಗುವುದಾದರೆ

ಸಿಲಿಕಾನ್ ಪೆಡಲ್ ಕೈಗೆ ಒಗ್ಗಿದ ಮೇಲೆ ಜರ್ಮೇನಿಯಂ ಪ್ರಯತ್ನಿಸಬಹುದು. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕೂಡ 1962ರಿಂದ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ತಯಾರಿಸಿತ್ತು. ಹಳೆಯ ಟ್ರಾನ್ಸಿಸ್ಟರ್ ರೇಡಿಯೋಗಳನ್ನು ಬಿಚ್ಚಿದವರ ಡಬ್ಬಿಗಳಲ್ಲಿ ಎಸಿ128 ಜಾತಿಯ ಪಿಎನ್‌ಪಿ ಟ್ರಾನ್ಸಿಸ್ಟರುಗಳು (ಎನ್‌ಪಿಎನ್‌ಗೆ ವಿರುದ್ಧ ದಿಕ್ಕಿನಲ್ಲಿ ಕರೆಂಟ್ ಹರಿಯುವಂಥವು) ಇನ್ನೂ ಸಿಗುವುದುಂಟು. ಆದರೆ ಮಲ್ಟಿಮೀಟರಿನ ಗೇನ್ ಅಳೆಯುವ ರಂಧ್ರಗಳನ್ನು ಇವುಗಳ ವಿಷಯದಲ್ಲಿ ನಂಬಬಾರದು. ಬೇಸ್‌ಗೆ ಏನೂ ಕೊಡದಿದ್ದರೂ ಜರ್ಮೇನಿಯಂ ಟ್ರಾನ್ಸಿಸ್ಟರಿನಲ್ಲಿ ಸ್ವಲ್ಪ ಕರೆಂಟ್ ಸೋರುತ್ತದೆ, ಮೀಟರ್ ಅದನ್ನೂ ಗೇನ್ ಎಂದೇ ಎಣಿಸುತ್ತದೆ.

ಸರಿಯಾದ ಅಳತೆ ಹೀಗೆ: ಪಿಎನ್‌ಪಿ ಟ್ರಾನ್ಸಿಸ್ಟರಿನ ಎಮಿಟರನ್ನು 9 ವೋಲ್ಟ್ ಬ್ಯಾಟರಿಯ ಧನಕ್ಕೆ, ಕಲೆಕ್ಟರನ್ನು 2.4 ಕಿಲೋಓಮ್ ಮತ್ತು 68 ಓಮ್ ಸರಣಿಯ ಮೂಲಕ ಋಣಕ್ಕೆ ಸೇರಿಸಿ, ಆ ರೆಸಿಸ್ಟರುಗಳ ಮೇಲಿನ ಒಟ್ಟು ವೋಲ್ಟೇಜನ್ನು ಅಳೆಯಿರಿ. ಬೇಸ್ ಖಾಲಿ ಇರುವಾಗ ಕಾಣುವುದು ಸೋರಿಕೆ. ನಂತರ ಬೇಸ್‌ನಿಂದ ಋಣಕ್ಕೆ 2.2 ಮೆಗಾಓಮ್ ಸೇರಿಸಿ. ಸುಮಾರು 4 ಮೈಕ್ರೋಆಂಪಿಯರ್ ಬೇಸ್ ಕರೆಂಟ್ ಹರಿಯುತ್ತದೆ, ಈಗ ವೋಲ್ಟೇಜಿನ ನೂರು ಪಟ್ಟು ತೋರಿಕೆಯ ಗೇನ್. ಉದಾಹರಣೆಗೆ ಮೊದಲು 0.2, ನಂತರ 1.1 ಬಂದರೆ ನಿಜವಾದ ಗೇನ್ 110 ಅಲ್ಲ, 90. ಸೋರಿಕೆ ಸುಮಾರು 80 ಮೈಕ್ರೋಆಂಪಿಯರ್, ಅದು ಒಳ್ಳೆಯದೇ. 300 ಮೈಕ್ರೋಆಂಪಿಯರ್ ದಾಟಿದವನ್ನು ಪಕ್ಕಕ್ಕಿಡಿ. ಕ್ಯೂ1ಕ್ಕೆ 70ರಿಂದ 85, ಕ್ಯೂ2ಕ್ಕೆ 110ರಿಂದ 130 ಗೇನ್ ಇರುವ ಜೋಡಿ ಹುಡುಕಿ. ಅಳೆಯುವಾಗ ಟ್ರಾನ್ಸಿಸ್ಟರನ್ನು ಬೆರಳಿನಲ್ಲಿ ಹಿಡಿದಿರಬಾರದು, ಮೈ ಬಿಸಿಗೇ ಅಂಕಿ ಏರುತ್ತಾ ಹೋಗುತ್ತದೆ: ಸುಮಾರು 10 ಡಿಗ್ರಿ ಏರಿದರೆ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ತೆರೆದ ವೇದಿಕೆಯ ಮೇಲಿಟ್ಟ ಜರ್ಮೇನಿಯಂ ಫಜ್ ಬೆಳಿಗ್ಗೆ ಕೋಣೆಯಲ್ಲಿ ಹೊಂದಿಸಿದ ಬಯಾಸಿನಲ್ಲಿ ಉಳಿಯುತ್ತದೆ ಎಂದು ನಂಬಬೇಡಿ. ಟ್ರಿಮ್ಮರಿಗೆ ಪೆಟ್ಟಿಗೆಯ ಹೊರಗಿನಿಂದ ಸ್ಕ್ರೂಡ್ರೈವರ್ ತಲುಪುವಂತೆ ಒಂದು ರಂಧ್ರ ಕೊರೆದಿಡಿ.

ಪಿಎನ್‌ಪಿ ಬಳಸುವಾಗ ಬ್ಯಾಟರಿಯ ಧನ ತುದಿ ಗ್ರೌಂಡ್ ಆಗುತ್ತದೆ, ಎರಡೂ ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳು ಮತ್ತು ಎಲ್‌ಇಡಿ ತಿರುಗಬೇಕು, ಕ್ಯೂ2ರ ಕಲೆಕ್ಟರಿನಲ್ಲಿ ಮೀಟರ್ ಋಣ 4.5 ತೋರಿಸಬೇಕು. ಇಂತಹ ಪೆಡಲನ್ನು ಉಳಿದ ಪೆಡಲುಗಳೊಂದಿಗೆ ಒಂದೇ ಅಡಾಪ್ಟರಿನ ಕವಲು ತಂತಿಗೆ ಎಂದೂ ಸೇರಿಸಬಾರದು. ಒಂದು ಪೆಡಲಿನ ಗ್ರೌಂಡ್ ಇನ್ನೊಂದರ 9 ವೋಲ್ಟ್ ಆಗಿರುವುದರಿಂದ ಪ್ಯಾಚ್ ಕೇಬಲ್ (ಪೆಡಲುಗಳನ್ನು ಒಂದಕ್ಕೊಂದು ಜೋಡಿಸುವ ತಂತಿ) ಮೂಲಕ ಅಡಾಪ್ಟರ್ ಶಾರ್ಟ್ ಆಗುತ್ತದೆ. ಅದಕ್ಕೆ ಪ್ರತ್ಯೇಕ ಬ್ಯಾಟರಿಯೇ ಸರಿ, ಅದೂ ತಿಂಗಳುಗಟ್ಟಲೆ ಬರುತ್ತದೆ.